ಪೇಟೆ ಬೀದಿಗೆ ಮೂವತ್ತೇ ಸಾಕು

ಪುರಸಭೆಯಿರಲಿ, ನಗರಸಭೆಯಿರಲಿ, ಮಹಾನಗರ ಪಾಲಿಕೆಯಿರಲಿ, ಅದರ ವ್ಯಾಪ್ತಿಯ ರಸ್ತೆಯಲ್ಲಿ ಕಾರು ಗಂಟೆಗೆ 70 ಕಿ.ಮೀ. ವೇಗದಲ್ಲಿ ಓಡಬಹುದು. ಬೈಕಿಗೆ 60, ಆಟೋಗೆ 50. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿರುವ ಗರಿಷ್ಠ ಮಿತಿಗಳಿವು. ಸ್ಥಳೀಯವಾಗಿ ಯಾರಾದರೂ ಇದಕ್ಕಿಂತ ಕಡಿಮೆ ಮಿತಿಯನ್ನು ಗೊತ್ತುಮಾಡದಿದ್ದರೆ ಪೇಟೆ ಬೀದಿಗೂ ಇದೇ ಲೆಕ್ಕ. ಒಂದು ಮಗ್ಗುಲಲ್ಲಿ ಕಿರಾಣಿ ಅಂಗಡಿ, ಇನ್ನೊಂದು ಮಗ್ಗುಲಲ್ಲಿ ಬಟ್ಟೆ ಅಂಗಡಿ, ನಡುವೆ ತಳ್ಳುಗಾಡಿ, ಹೂವಿನ ಬುಟ್ಟಿ, ಶಾಲೆ ಬಿಟ್ಟ ಮಕ್ಕಳು, ಔಷಧಿಗೆಂದು ಬಂದ ವಯಸ್ಸಾದವರು ಇರುವ ಬೀದಿಗೂ ಊರ ಹೊರಗಿನ ಖಾಲಿ ರಸ್ತೆಗೂ ಆ ಅಧಿಸೂಚನೆ ಭೇದ ಮಾಡುವುದಿಲ್ಲ.

ಜನ ಕಿಕ್ಕಿರಿಯುವ ವ್ಯಾಪಾರದ ಬೀದಿಗಳಲ್ಲಿ ಮಿತಿಯನ್ನು 30ಕ್ಕೋ ಅದಕ್ಕೂ ಕೆಳಕ್ಕೋ ಇಳಿಸಬೇಕೆ? ಇಳಿಸಿದರೆ ಜೀವ ಉಳಿಯುತ್ತದೆಯೆ, ವ್ಯಾಪಾರ ಉಳಿಯುತ್ತದೆಯೆ? ಬೋರ್ಡು ನೆಟ್ಟರೆ ಸಾಕೆ? ಯುರೋಪಿನ ನಗರಗಳು ಸುಮಾರು ನಾಲ್ಕು ದಶಕಗಳಿಂದ ಈ ಪ್ರಶ್ನೆಗಳನ್ನು ಕೇಳಿಕೊಂಡು, ಪ್ರಯೋಗ ಮಾಡಿ, ಎಡವಿ, ತಿದ್ದಿಕೊಂಡು ಬಂದಿವೆ. ನಮ್ಮಲ್ಲಿ ಈ ಚರ್ಚೆ ಇನ್ನೂ ಪತ್ರಿಕೆಯ ಒಳಪುಟ ದಾಟಿಲ್ಲ. ದಾಟಬೇಕಾದ ಕಾರಣ ಅಂಕಿಅಂಶಗಳಲ್ಲೇ ಇದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಮಂದಿ ಪಾದಚಾರಿಗಳು, ಎಂದರೆ ದಿನಕ್ಕೆ ಸುಮಾರು 90 ಜನ. ಅದೇ ವರದಿ ನೂರಕ್ಕೆ 71 ಸಾವುಗಳಿಗೆ ಅತಿವೇಗವೇ ಕಾರಣ ಎನ್ನುತ್ತದೆ. ಈ ಎರಡನೆಯ ಅಂಕಿಯನ್ನು ನಾನು ಸ್ವಲ್ಪ ಎಚ್ಚರದಿಂದಲೇ ಓದುತ್ತೇನೆ. ಅಪಘಾತ ಯಾವುದೇ ಇರಲಿ, ಎಫ್‌ಐಆರ್‌ನಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಎಂಬ ಸಾಲು ರೂಢಿಯಂತೆ ಬಂದುಬಿಡುತ್ತದೆ. ಆ ಹೊತ್ತಿನಲ್ಲಿ ವೇಗವನ್ನು ಯಾರೂ ಅಳೆದಿರುವುದಿಲ್ಲ. ಆದರೂ ವೇಗಕ್ಕೂ ಸಾವಿಗೂ ಇರುವ ನಂಟನ್ನು ತಿಳಿಯಲು ಎಫ್‌ಐಆರ್ ಬೇಕಿಲ್ಲ, ಶಾಲೆಯಲ್ಲಿ ಕಲಿತ ಭೌತಶಾಸ್ತ್ರವೇ ಸಾಕು.

ಪೇಟೆಯಲ್ಲಿ ದಿನವೂ ಕಾಣುವ ಒಂದು ಸಂದರ್ಭ ತೆಗೆದುಕೊಳ್ಳೋಣ. ಕಿರಾಣಿ ಅಂಗಡಿಯ ಮುಂದೆ ಟಾಟಾ ಏಸ್ ನಿಂತಿದೆ. ಅಕ್ಕಿ ಮೂಟೆ ಇಳಿಸುತ್ತಿದ್ದಾರೆ. ಫುಟ್‌ಪಾತ್ ಮೇಲೆ ಎಣ್ಣೆ ಡಬ್ಬಗಳ ಸಾಲು. ಬೀದಿ ದಾಟಬೇಕಾದ ಹೆಂಗಸೊಬ್ಬರು ಗಾಡಿಯ ಮೂತಿಯ ಪಕ್ಕದಿಂದ ತಲೆಯನ್ನಷ್ಟೇ ಹೊರಚಾಚಿ ನೋಡುತ್ತಾರೆ, ಒಂದು ಹೆಜ್ಜೆ ಇಡುತ್ತಾರೆ. ಬರುತ್ತಿರುವ ಚಾಲಕನಿಗೆ ಅವರು ಕಾಣುವುದು ಆ ಹೆಜ್ಜೆ ಇಟ್ಟಾಗಲೇ. ಕಂಡು, ಕಾಲು ಬ್ರೇಕಿಗೆ ಹೋಗಲು ಸುಮಾರು ಒಂದು ಸೆಕೆಂಡ್ ಬೇಕು. 30 ಕಿ.ಮೀ. ವೇಗದಲ್ಲಿದ್ದ ಕಾರು ಆ ಸೆಕೆಂಡಿನಲ್ಲಿ 8 ಮೀಟರ್ ಚಿಲ್ಲರೆ ಮುಂದೆ ಬಂದಿರುತ್ತದೆ. ರಸ್ತೆ ಒಣಗಿದ್ದು ಬ್ರೇಕು ಸರಿಯಿದ್ದರೆ ಇನ್ನು 5 ಮೀಟರಿನಲ್ಲಿ ನಿಲ್ಲುತ್ತದೆ. ಒಟ್ಟು 13 ಮೀಟರ್ ಚಿಲ್ಲರೆ. 50ರ ವೇಗದಲ್ಲಿದ್ದ ಕಾರು ಚಾಲಕನ ಕಾಲು ಬ್ರೇಕಿಗೆ ತಾಗುವ ಹೊತ್ತಿಗೇ ಸುಮಾರು 14 ಮೀಟರ್ ಕ್ರಮಿಸಿರುತ್ತದೆ. ಮೊದಲನೆಯ ಕಾರು ಪೂರ್ತಿ ನಿಂತುಬಿಟ್ಟ ಜಾಗವನ್ನು ಎರಡನೆಯದು ವೇಗ ಒಂದಿಷ್ಟೂ ತಗ್ಗದೆ ದಾಟಿಹೋಗುತ್ತದೆ. ಆ ಹೆಂಗಸು ನಿಂತಿರುವುದು ಅಲ್ಲೇ.

ದಾಟುವವರ ಕಡೆಯಿಂದಲೂ ಲೆಕ್ಕ ಹಾಕಬಹುದು. ಸೆಕೆಂಡಿಗೆ 1.2 ಮೀಟರ್ ನಡಿಗೆ ಎಂದು ಎಂಜಿನಿಯರುಗಳು ಹಿಡಿಯುತ್ತಾರೆ. ಆ ಲೆಕ್ಕದಲ್ಲಿ 9 ಮೀಟರ್ ಅಗಲದ ರಸ್ತೆ ದಾಟಲು ಏಳೂವರೆ ಸೆಕೆಂಡ್ ಬೇಕು. ಅಷ್ಟರಲ್ಲಿ 50ರ ವೇಗದ ವಾಹನ 100 ಮೀಟರ್‌ಗೂ ಹೆಚ್ಚು ದೂರ ಬಂದಿರುತ್ತದೆ, 30ರದ್ದು 62 ಮೀಟರ್. ಅಂಗಡಿ ಬೋರ್ಡು, ನಿಲ್ಲಿಸಿದ ಬೈಕುಗಳ ಸಾಲು, ಛತ್ರಿ, ಜನ ಇವೆಲ್ಲದರ ನಡುವೆ 100 ಮೀಟರ್ ಆಚೆಯ ವಾಹನವನ್ನು ಕಂಡು ಅದರ ವೇಗ ಅಂದಾಜಿಸುವುದು ಯಾರಿಂದಲೂ ಆಗದ ಮಾತು. ಮೊಣಕಾಲು ನೋವಿರುವ ಅಜ್ಜಿ ಸೆಕೆಂಡಿಗೆ 1.2 ಮೀಟರ್ ನಡೆಯುವುದೂ ಇಲ್ಲ.

ಡಿಕ್ಕಿ ಹೊಡೆದ ಮೇಲೆ ಬದುಕುವ ಸಾಧ್ಯತೆ ಎಷ್ಟು ಎಂಬುದರ ಬಗ್ಗೆ ಸಂಶೋಧಕರ ನಡುವೆಯೇ ಬಹಳ ಚರ್ಚೆ ನಡೆದಿದೆ. 50ರ ವೇಗದಲ್ಲಿ ಬಡಿದರೆ ಬಹುಪಾಲು ಜನ ಸಾಯುತ್ತಾರೆ ಎಂಬ ಮಾತು ದಶಕಗಳ ಕಾಲ ಪ್ರಚಾರದಲ್ಲಿತ್ತು. ಆ ಹಳೆಯ ಅಧ್ಯಯನಗಳ ಮಾದರಿಯಲ್ಲಿ ಗಂಭೀರ ಪ್ರಕರಣಗಳೇ ಹೆಚ್ಚು ಸೇರಿಕೊಂಡಿದ್ದರಿಂದ ಅಂಕಿ ಉಬ್ಬಿತ್ತು ಎಂಬುದು ಆಮೇಲೆ ಗೊತ್ತಾಯಿತು. 2009ರಲ್ಲಿ ಜರ್ಮನಿಯ ಅಪಘಾತ ದಾಖಲೆಗಳನ್ನಿಟ್ಟುಕೊಂಡು ರೋಸೆನ್ ಮತ್ತು ಸ್ಯಾಂಡರ್ ಮಾಡಿದ ಲೆಕ್ಕದಲ್ಲಿ ಸಾವಿನ ಸಾಧ್ಯತೆ ಅಷ್ಟಿಲ್ಲ. ಆದರೆ ಅನುಪಾತ ನೋಡಿ: 50ರ ವೇಗದ ಡಿಕ್ಕಿಯಲ್ಲಿ ಸಾಯುವ ಸಾಧ್ಯತೆ 40ರದ್ದಕ್ಕಿಂತ ಎರಡು ಪಟ್ಟಿಗೂ, 30ರದ್ದಕ್ಕಿಂತ ಐದು ಪಟ್ಟಿಗೂ ಹೆಚ್ಚು. ಅಂಕಿ ತಿದ್ದುಪಡಿಯಾದರೂ 30ರ ಪರವಾದ ವಾದಕ್ಕೆ ಅದರಿಂದ ಪೆಟ್ಟು ಬೀಳಲಿಲ್ಲ. ಅದೂ ಅಲ್ಲದೆ ಅವರ ಲೆಕ್ಕ ಇದ್ದದ್ದು ತಗ್ಗು ಮೂತಿಯ ಕಾರುಗಳ, ಬೇಗ ಬರುವ ಆಂಬುಲೆನ್ಸಿನ ದೇಶದ್ದು. ನಮ್ಮ ಪೇಟೆಯಲ್ಲಿ ಬಸ್ಸು, ಲಾರಿ, ಗೂಡ್ಸ್ ಗಾಡಿಗಳ ಚಪ್ಪಟೆ ಮುಂಭಾಗ ನೇರವಾಗಿ ಎದೆ, ತಲೆಗೆ ಬಡಿಯುತ್ತದೆ.

ಆಸ್ಟ್ರಿಯಾದ ಗ್ರಾಜ್ ನಗರ 1992ರಲ್ಲೇ ಮುಖ್ಯ ರಸ್ತೆಗಳನ್ನು ಬಿಟ್ಟು ಊರಿಡೀ 30 ಎಂದು ಸಾರಿತು. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ಸಚಿವರ ಮಟ್ಟದ ಜಾಗತಿಕ ಸಮ್ಮೇಳನ, ನಡೆಯುವವರೂ ವಾಹನಗಳೂ ಬೆರೆಯುವ ಜಾಗಗಳಲ್ಲಿ 30ಕ್ಕಿಂತ ಹೆಚ್ಚು ವೇಗ ಕೂಡದು ಎಂದು ಘೋಷಿಸಿತು. ಆಮೇಲೆ ಬ್ರಸೆಲ್ಸ್, ಪ್ಯಾರಿಸ್, ಬೊಲೋನಾ ನಗರಗಳು ಸಾಲಾಗಿ ಇದೇ ದಾರಿ ಹಿಡಿದವು. ಇವುಗಳಲ್ಲಿ ನನಗೆ ನಮ್ಮ ಊರುಗಳಿಗೆ ಹತ್ತಿರ ಅನ್ನಿಸುವುದು ಸ್ಪೇನ್ 2021ರ ಮೇ ತಿಂಗಳಿಂದ ಜಾರಿಗೆ ತಂದ ನಿಯಮ. ಅದು ಊರಿನ ಹೆಸರು ನೋಡುವುದಿಲ್ಲ, ಬೀದಿಯ ರೂಪ ನೋಡುತ್ತದೆ. ಪ್ರತಿ ದಿಕ್ಕಿಗೂ ಒಂದೇ ಲೇನ್ ಇದ್ದರೆ 30. ಫುಟ್‌ಪಾತೂ ರಸ್ತೆಯೂ ಒಂದೇ ಮಟ್ಟದಲ್ಲಿದ್ದರೆ, ಎಂದರೆ ನಡೆಯುವವರಿಗೆ ಬೇರೆ ಜಾಗವೇ ಇಲ್ಲದಿದ್ದರೆ, 20. ಬೆಂಗಳೂರಿನ ಚಿಕ್ಕಪೇಟೆ, ಬಳೇಪೇಟೆಯ ಒಳಬೀದಿಗಳಿಂದ ಹಿಡಿದು ಬೆಳಗಾವಿಯ ಖಡೇಬಜಾರಿನವರೆಗೆ ನಮ್ಮ ಹಳೆಯ ಪೇಟೆಗಳಲ್ಲಿ ಜನ ನಡೆಯುವುದು ಬಹುಪಾಲು ರಸ್ತೆಯ ಮೇಲೆಯೇ.

ಮಿತಿ ಇಳಿಸಿದ ಕೂಡಲೇ ಸಾವು ಇಳಿಯುತ್ತದೆಯೆ ಎಂಬಲ್ಲಿ ಈ ವಿಷಯದ ನಿಜವಾದ ಗಂಟು ಇದೆ. ಬ್ರಿಟನ್ನಿನಲ್ಲಿ ನಡೆದ ನಾಲ್ಕು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟರೆ ಅದು ಸ್ಪಷ್ಟವಾಗುತ್ತದೆ. ಅಲ್ಲಿನ ಮಿತಿ ಗಂಟೆಗೆ 20 ಮೈಲಿ, ಎಂದರೆ 32 ಕಿ.ಮೀ. ಲಂಡನ್ನಿನಲ್ಲಿ 1986ರಿಂದ 2006ರವರೆಗೆ ಹಂಪ್ಸ್, ಕಿರಿದಾದ ತಿರುವುಗಳ ಜೊತೆಗೆ ಮಾಡಿದ 20 ಮೈಲಿ ವಲಯಗಳಲ್ಲಿ ಸಾವು-ಗಾಯ ಸುಮಾರು ಶೇ 42ರಷ್ಟು ತಗ್ಗಿತು ಎಂದು 2009ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನ ತೋರಿಸಿತು. ಬೆಲ್‌ಫಾಸ್ಟ್‌ನಲ್ಲಿ ನಗರದ ನಡುಭಾಗದ 76 ಬೀದಿಗಳಿಗೆ ಬೋರ್ಡು ಮಾತ್ರ ನೆಟ್ಟರು. ಮೂರು ವರ್ಷ ಕಳೆದರೂ ಸರಾಸರಿ ವೇಗ ಗಂಟೆಗೆ ಒಂದು ಮೈಲಿಯಷ್ಟೂ ಇಳಿಯಲಿಲ್ಲ. ಅಪಘಾತಗಳ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. 2020ರಲ್ಲಿ ಲಂಡನ್ ತನ್ನ ಕೇಂದ್ರ ಭಾಗದ ದೊಡ್ಡ ರಸ್ತೆಗಳಿಗೆ 20 ಮೈಲಿ ಮಿತಿ ತಂದು, ಕೆಲವೆಡೆ ದಾಟುವ ಜಾಗವನ್ನೂ ಎತ್ತರಿಸಿತು. ಮೂರು ವರ್ಷದ ಬಳಿಕ ನಗರದ ಸಾರಿಗೆ ಸಂಸ್ಥೆ ಕೊಟ್ಟ ಲೆಕ್ಕದಲ್ಲಿ ಪಾದಚಾರಿಗಳು ಸಿಲುಕಿದ ಅಪಘಾತಗಳು ಶೇ 63ರಷ್ಟು ಕಡಿಮೆ. ಕೋವಿಡ್ ಕಾಲ ನಡುವೆ ಬಂದಿರುವುದರಿಂದ ಇದರಲ್ಲಿ ಒಂದು ಪಾಲನ್ನು ಪಕ್ಕಕ್ಕಿಡಬೇಕು ಎಂದು ನನಗನ್ನಿಸುತ್ತದೆ.

ನಾಲ್ಕನೆಯದು ವೇಲ್ಸ್. ಅಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಜನವಸತಿಯ ರಸ್ತೆಗಳ ಸಾಮಾನ್ಯ ಮಿತಿಯನ್ನು 30 ಮೈಲಿಯಿಂದ 20ಕ್ಕೆ ಇಳಿಸಿದಾಗ ಜನ ಸಿಟ್ಟಾದರು. ವಿರೋಧಿ ಅರ್ಜಿಗೆ 4.6 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಮೂವತ್ತೊಂದು-ಮೂವತ್ತೆರಡು ಲಕ್ಷ ಜನರ ನಾಡಿಗೆ ಅದು ಸಣ್ಣ ಸಂಖ್ಯೆಯಲ್ಲ. ಕೆಲವು ರಸ್ತೆಗಳನ್ನು ಹಳೆಯ ಮಿತಿಗೆ ಮರಳಿಸಲು ಸರ್ಕಾರ ಸ್ಥಳೀಯ ಆಡಳಿತಗಳಿಗೆ ಅವಕಾಶ ಕೊಡಬೇಕಾಯಿತು. ಅಷ್ಟಾದರೂ ಅಳತೆ ಮಾಡಿದ ಮುಖ್ಯ ರಸ್ತೆಗಳಲ್ಲಿ ಸರಾಸರಿ ವೇಗ ಸುಮಾರು 4 ಮೈಲಿ ಇಳಿಯಿತು, 20 ಮತ್ತು 30 ಮೈಲಿ ಮಿತಿಯ ರಸ್ತೆಗಳಲ್ಲಿ ಒಟ್ಟಾರೆ ಸಾವು-ಗಾಯ ಸುಮಾರು ಕಾಲು ಭಾಗದಷ್ಟು ತಗ್ಗಿತು. ನಾಡಿಗೆ ನಾಡೇ ಒಟ್ಟಿಗೆ ನಿಧಾನವಾದರೆ ಹಂಪ್ಸ್ ಇಲ್ಲದೆಯೂ ಫಲವಿದೆ. ಅಲ್ಲೊಂದು ಇಲ್ಲೊಂದು ಬೀದಿಗೆ ಬೋರ್ಡು ನೆಟ್ಟರೆ ಫಲವಿಲ್ಲ. ಈ ನಾಲ್ಕು ಪ್ರಯೋಗಗಳನ್ನು ಓದಿ ನಾನು ತಲುಪುವ ನಿಲುವು ಇಷ್ಟೇ.

ನಮ್ಮಲ್ಲಿ ದೆಹಲಿ 2021ರ ಜೂನ್‌ನಲ್ಲಿ ಮಾರುಕಟ್ಟೆಗಳು, ವಸತಿ ಪ್ರದೇಶಗಳು ಮತ್ತು ಸರ್ವಿಸ್ ರಸ್ತೆಗಳಿಗೆ 30 ಕಿ.ಮೀ. ಮಿತಿ ಗೊತ್ತುಮಾಡಿತು. ಚೆನ್ನೈ 2023ರಲ್ಲಿ ವಸತಿ ಪ್ರದೇಶಗಳಿಗೆ 30 ಎಂದಿತು. ಒಳ್ಳೆಯ ಆರಂಭವೇ. ಆದರೆ ಇವೆಲ್ಲ ಅಂಕಿಯನ್ನು ಮಾತ್ರ ಹೇಳುವ ಆದೇಶಗಳು, ಬೆಲ್‌ಫಾಸ್ಟ್‌ನ ದಾರಿಯವು. ಬೀದಿಯ ಆಕಾರದ ಮಾತು ಅವುಗಳಲ್ಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. “ನಮ್ಮ ಪೇಟೆಯಲ್ಲಿ ಗಾಡಿ ಹತ್ತು ಕಿಲೋಮೀಟರ್ ವೇಗದಲ್ಲೂ ಹೋಗಲ್ಲ, ಇನ್ನು ಮೂವತ್ತರ ಮಿತಿ ಯಾತಕ್ಕೆ?” ನಿಜ, 2023ರ ಟಾಮ್‌ಟಾಮ್ ಸಮೀಕ್ಷೆಯಲ್ಲಿ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ 28 ನಿಮಿಷ ಬೇಕಾಗಿತ್ತು, ಗಂಟೆಗೆ ಸುಮಾರು 21 ಕಿ.ಮೀ. ಆದರೆ ಸರಾಸರಿ ವೇಗ ಯಾರನ್ನೂ ಕೊಲ್ಲುವುದಿಲ್ಲ. ಕೊಲ್ಲುವುದು ಜಾಮ್ ಬಿಟ್ಟ ಕೂಡಲೇ ಸಿಗುವ ಐವತ್ತು ಮೀಟರ್ ಖಾಲಿ ಜಾಗದಲ್ಲಿ ಕಳೆದುಕೊಂಡ ಹೊತ್ತನ್ನು ಹಿಂಪಡೆಯಲು ತಿರುಚುವ ಆಕ್ಸಿಲರೇಟರ್.

ಇನ್ನು ಹೊತ್ತಿನ ಮಾತು. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಸುತ್ತ ಬೆಳಗಿನ ಜಾವ ನಾಲ್ಕು ಗಂಟೆಗೆ ಹೋಗಿ ನೋಡಬೇಕು. ಹೂವಿನ ವ್ಯಾಪಾರ ಆಗಲೇ ಜೋರಾಗಿರುತ್ತದೆ. ಕನಕಾಂಬರ, ಸೇವಂತಿಗೆ ಮೂಟೆಗಳನ್ನು ತಲೆ ಮೇಲೆ ಹೊತ್ತ ಹಮಾಲಿಗಳು ರಸ್ತೆಗೆ ಅಡ್ಡಡ್ಡ ಓಡಾಡುತ್ತಿರುತ್ತಾರೆ. ಮೂಟೆ ಹುಬ್ಬಿನ ತನಕ ಇಳಿದಿರುವುದರಿಂದ ಅವರಿಗೆ ಕಾಣುವುದು ಎದುರಿನ ನೆಲ ಮಾತ್ರ, ಅಕ್ಕಪಕ್ಕ ಕಾಣುವುದಿಲ್ಲ. ಬೀದಿದೀಪದ ಹಳದಿ ಬೆಳಕಿಗೆ ಗೋಣಿಚೀಲದ ಬಣ್ಣವೂ ರಸ್ತೆಯ ಬಣ್ಣವೂ ಒಂದೇ ಆಗಿರುತ್ತದೆ. ಹಗಲಲ್ಲಿ ತೆವಳುವ ರಸ್ತೆ ಆ ಹೊತ್ತಿಗೆ ಬಿಡುವಾಗಿರುತ್ತದೆ. ದೂರದೂರಿನ ಬಸ್ಸುಗಳು, ತರಕಾರಿ ಲಾರಿಗಳು, ಮೇಲ್ಸೇತುವೆ ಇಳಿದು ಬರುವ ಕಾರುಗಳು ಅದೇ ಓಟದಲ್ಲಿ ಪೇಟೆಯೊಳಕ್ಕೆ ನುಗ್ಗುತ್ತವೆ. ಹಗಲಿನ ದಟ್ಟಣೆ ತಾನಾಗಿ ಕೊಡುವ ರಕ್ಷಣೆ ಈ ದುಡಿಯುವವರಿಗೆ ಇಲ್ಲ. ಮೂವತ್ತರ ಮಿತಿ ಹೆಚ್ಚು ಬೇಕಿರುವುದು ಈ ಹೊತ್ತಿಗೆ, ಮತ್ತು ರಾತ್ರಿ ಅಂಗಡಿ ಬಾಗಿಲೆಳೆದು ಹುಡುಗರು ಮನೆಗೆ ಹೊರಡುವ ಹೊತ್ತಿಗೆ. ಆ ಹೊತ್ತಿನಲ್ಲಿ ಪೊಲೀಸರು ನಿಂತಿರುವುದಿಲ್ಲ. ಹಾಗಾಗಿ ವೇಗ ತಡೆಯುವ ಕೆಲಸವನ್ನು ಬೀದಿಯೇ ಮಾಡಬೇಕು.

ದ್ವಿಚಕ್ರ ವಾಹನಗಳದ್ದು ಬೇರೆಯೇ ಕತೆ. ಹಗಲಲ್ಲಿ ಕಾರು ತೆವಳಿದರೂ ಬೈಕು ಸಂದಿಯಲ್ಲಿ ನುಗ್ಗುತ್ತದೆ. ನಿಂತ ಬಸ್ಸಿನ ಮುಂದೆ ದಾಟುತ್ತಿರುವವರಿಗೆ ಅದರ ಎಡಕ್ಕೆ ಬರುವ ಸ್ಕೂಟರ್ ಕಾಣುವುದಿಲ್ಲ. ಎಲೆಕ್ಟ್ರಿಕ್ ಆದರೆ ಕೇಳಿಸುವುದೂ ಇಲ್ಲ. ನಿಮಿಷ ಎಣಿಸಿ ಮನೆಗೆ ಸಾಮಾನು ಮುಟ್ಟಿಸುವ ಡೆಲಿವರಿ ಹುಡುಗರನ್ನು ಬೈಯುವುದು ಸುಲಭ. ಆದರೆ ಅವರ ಮೇಲೆ ಆ ಗಡುವು ಹೇರಿದವರನ್ನೂ ಗ್ರಾಹಕರಾದ ನಮ್ಮನ್ನೂ ಬಿಟ್ಟು ಅವರೊಬ್ಬರಿಗೇ ದಂಡ ಹಾಕಿದರೆ ಅದು ನ್ಯಾಯವಾಗದು.

ವ್ಯಾಪಾರಿಗಳ ಆತಂಕಕ್ಕೆ ಬರೋಣ. ಗಾಡಿ ನಿಧಾನವಾದರೆ ಗಿರಾಕಿ ಮಾಲ್ ಕಡೆ ಹೋಗುತ್ತಾರೆ ಎಂಬ ಭಯ ಎಲ್ಲ ಊರಿನ ವ್ಯಾಪಾರಿಗಳಿಗೂ ಇದೆ. ಗ್ರಾಜ್‌ನಲ್ಲಿ ಅಂಗಡಿಯವರನ್ನು ಕೇಳಿದಾಗ ತಮ್ಮ ಗಿರಾಕಿಗಳಲ್ಲಿ ನೂರಕ್ಕೆ 58 ಜನ ಕಾರಿನಲ್ಲಿ ಬರುತ್ತಾರೆ ಎಂದರು. ಎಣಿಸಿದಾಗ ಇದ್ದದ್ದು 32. ಬ್ರಿಸ್ಟಲ್‌ನಲ್ಲಿ ಅಂದಾಜು 41, ನಿಜ 22. ಅಂಗಡಿ ಮುಂದೆ ನಿಲ್ಲಿಸಿದ ಕಾರು ಗಲ್ಲಾಪೆಟ್ಟಿಗೆಯ ಹಿಂದೆ ಕೂತವರಿಗೆ ಕಾಣುತ್ತದೆ, ಬಸ್ಸಿಳಿದು ನಡೆದು ಬಂದವರ ವಾಹನ ಕಾಣುವುದಿಲ್ಲ. ನಮ್ಮ ಪೇಟೆಗಳಲ್ಲಿ ಹೀಗೆ ಎಣಿಸಿದರೆ ಕಾರಿನ ಪಾಲು ಇನ್ನೂ ಚಿಕ್ಕದಾಗಿಯೇ ಬರುತ್ತದೆ ಎಂದು ನನ್ನ ನಂಬಿಕೆ. ಹೊತ್ತಿನ ನಷ್ಟವೂ ಅಷ್ಟಕ್ಕಷ್ಟೆ: ಅರ್ಧ ಕಿಲೋಮೀಟರ್ ಉದ್ದದ ಪೇಟೆ ಬೀದಿಯನ್ನು ಎಲ್ಲೂ ನಿಲ್ಲದೆ 50ರಲ್ಲಿ ದಾಟಲು 36 ಸೆಕೆಂಡ್, 30ರಲ್ಲಿ ಒಂದು ನಿಮಿಷ.

ವೇಗ ತಗ್ಗಿಸುವ ಬದಲು ವಾಹನಗಳನ್ನೇ ಹೊರಗಿಡಬಾರದೇಕೆ ಎಂದು ಕೇಳುವವರಿದ್ದಾರೆ. ದೆಹಲಿಯ ಚಾಂದನಿ ಚೌಕದ ಮುಖ್ಯ ಬೀದಿಯಲ್ಲಿ 2021ರಿಂದ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನಗಳಿಗೆ ನಿಷೇಧವಿದೆ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಕ್ಕೆ ವಾಹನ ನಿಲ್ಲಿಸಿದಾಗ ಜನ ಸಂತೋಷದಿಂದಲೇ ಬಂದರು. ಆದರೆ ಸಗಟು ವ್ಯಾಪಾರದ ಪೇಟೆಗೆ ದಿನವಿಡೀ ಸರಕು ಬರಬೇಕು, ಹೋಗಬೇಕು. ಊರಿಗೆ ಇರುವುದೇ ಒಂದು ಮುಖ್ಯ ಬೀದಿ ಎನ್ನುವಲ್ಲಿ ವಾಹನ ನಿಷೇಧ ಮೊದಲ ವಾರವೇ ಮುರಿದುಬೀಳುತ್ತದೆ. ಬರಲಿ, ನಿಧಾನಕ್ಕೆ ಬರಲಿ ಎನ್ನುವುದೇ ನಮ್ಮ ಬಹುಪಾಲು ಊರುಗಳಿಗೆ ನಡೆಯುವ ದಾರಿ. ಚರ್ಚ್ ಸ್ಟ್ರೀಟಿನಿಂದ ಕಲಿಯಬೇಕಾದದ್ದು ಅಲ್ಲಿನ ವಾರಾಂತ್ಯದ ನಿಷೇಧಕ್ಕಿಂತ ನೆಲವನ್ನು: ಡಾಂಬರು ತೆಗೆದು ಹಾಸಿದ ಕಲ್ಲಿನ ಮೇಲೆ ಗಾಡಿಗಳು ತಾವಾಗಿಯೇ ವೇಗ ತಗ್ಗಿಸುತ್ತವೆ.

ಬೀದಿಯ ಆಕಾರ ಎಂದರೆ ನಮ್ಮಲ್ಲಿ ನೆನಪಾಗುವುದು ಹಂಪ್ಸ್. ಅಪಘಾತವಾದ ದಿನ ಊರವರು ರಸ್ತೆ ತಡೆ ಮಾಡುತ್ತಾರೆ, ಸಂಜೆಯೊಳಗೆ ಜಲ್ಲಿ-ಡಾಂಬರು ಸುರಿದು ದಿಬ್ಬ ಎಬ್ಬಿಸಿರುತ್ತಾರೆ. ಬಿಳಿ ಪಟ್ಟಿಯಿಲ್ಲ, ಮುಂಚೆ ಬೋರ್ಡಿಲ್ಲ. ಆ ರಾತ್ರಿ ಅದೇ ದಿಬ್ಬದ ಮೇಲೆ ಬೈಕಿನ ಹಿಂದಿನ ಸೀಟಿನಲ್ಲಿ ಕೂತ ಹೆಂಗಸು ಬಿದ್ದು ತಲೆಗೆ ಪೆಟ್ಟಾಗುತ್ತದೆ. ಇಂಡಿಯನ್ ರೋಡ್ ಕಾಂಗ್ರೆಸ್ ಹೇಳುವ ಹಂಪ್ಸ್ ಬೇರೆಯೇ: 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, ನಯವಾದ ಕಮಾನು. ಗಂಟೆಗೆ ಸುಮಾರು 25 ಕಿ.ಮೀ. ವೇಗದಲ್ಲಿ ಹತ್ತಿ ಇಳಿದರೆ ಸೊಂಟಕ್ಕೆ ನೋವಾಗುವುದಿಲ್ಲ, 50ರಲ್ಲಿ ಹತ್ತಿದರೆ ಆಗುತ್ತದೆ. ಅದನ್ನೇ ಮಟ್ಟಸ ಮಾಡಿ, ಫುಟ್‌ಪಾತ್‌ನ ಎತ್ತರಕ್ಕೆ ತಂದು, ಮೇಲೆ ಜೀಬ್ರಾ ಪಟ್ಟಿ ಬಳಿದರೆ ಎತ್ತರಿಸಿದ ಕ್ರಾಸಿಂಗ್ ಆಗುತ್ತದೆ. ನಡೆಯುವವರು ಇಳಿದು ಹತ್ತಬೇಕಿಲ್ಲ, ವಾಹನ ಹತ್ತಿ ಇಳಿಯಬೇಕು. ಪೇಟೆ ಬೀದಿಗೆ ನೂರು ಮೀಟರಿಗೊಂದರಂತೆ ಇವು ಬೇಕು. ಜೊತೆಗೆ ಅಡ್ಡರಸ್ತೆಯ ಮೂಲೆಗಳನ್ನು ಕಿರಿದು ಮಾಡಿದರೆ ವಾಹನಗಳು ವೇಗದಲ್ಲಿ ತಿರುಗಲಾರವು. ಪೇಟೆ ಬೀದಿಯನ್ನು ಒನ್‌ವೇ ಮಾಡುವ ಮುನ್ನ ಸಂಚಾರ ಪೊಲೀಸರು ಹತ್ತು ಸಲ ಯೋಚಿಸಬೇಕು, ಎದುರಿನಿಂದ ಯಾರೂ ಬರುವುದಿಲ್ಲ ಎಂಬ ಧೈರ್ಯ ವೇಗ ಹೆಚ್ಚಿಸುತ್ತದೆ.

ಮಿತಿಯ ಅಂಕಿ ಮೊದಲು ಏಕೆ ಬೇಕು ಎಂಬುದೂ ಇಲ್ಲೇ ತಿಳಿಯುತ್ತದೆ. ಲೇನಿನ ಅಗಲ, ತಿರುವು, ಕ್ರಾಸಿಂಗ್‌ಗಳ ನಡುವಿನ ಅಂತರ ಎಲ್ಲವನ್ನೂ ಎಂಜಿನಿಯರು ಗೊತ್ತುಮಾಡುವುದು ಆ ರಸ್ತೆ ಯಾವ ವೇಗಕ್ಕೆ ಎಂಬುದರ ಮೇಲೆ. ಕಾಗದದಲ್ಲಿ 60 ಎಂದಿದ್ದರೆ ಅವರು 60ಕ್ಕೆ ತಕ್ಕ ರಸ್ತೆಯನ್ನೇ ಕೊಡುತ್ತಾರೆ, ಕಾಂಕ್ರೀಟು ಹಾಕಿ ನುಣ್ಣಗೆ ಮಾಡುತ್ತಾರೆ. ಚಾಲಕರು ಬೋರ್ಡು ಓದದಿರಬಹುದು. ಎಂಜಿನಿಯರು ಓದಲೇಬೇಕು.

ಫುಟ್‌ಪಾತ್ ವಿಷಯದಲ್ಲಿ ಒಂದು ಎಚ್ಚರ. ಅಡೆತಡೆಯಿಲ್ಲದ ಫುಟ್‌ಪಾತ್ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಇದನ್ನು ಹಿಡಿದು ಬೀದಿಬದಿ ವ್ಯಾಪಾರಿಗಳನ್ನು ಎಬ್ಬಿಸಲು ಲಾರಿ ಕಳಿಸಿದರೆ ತಪ್ಪು ಕಡೆ ಗುರಿ ಇಟ್ಟಂತೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಅವರಿಗೂ ಜಾಗ ಗುರುತಿಸಬೇಕೆನ್ನುತ್ತದೆ. ಪೇಟೆಯ ಜಾಗವನ್ನು ಹೆಚ್ಚು ತಿನ್ನುವುದು ನಿಲ್ಲಿಸಿದ ವಾಹನ, ಸೊಪ್ಪಿನ ಬುಟ್ಟಿಯಲ್ಲ.

ಬೆಂಗಳೂರಿನ ಬಗ್ಗೆ ಇಷ್ಟು ಬರೆದೆನಾದರೂ ನನ್ನ ಚಿಂತೆ ಇರುವುದು ತಾಲ್ಲೂಕು ಕೇಂದ್ರಗಳ ಬಗ್ಗೆ. ರಾಜ್ಯ ಹೆದ್ದಾರಿಯೇ ಊರಿನ ಪೇಟೆ ಬೀದಿ, ಅದರ ಮೇಲೆಯೇ ಬಸ್ ನಿಲ್ದಾಣ, ಅದರ ಅಂಚಿಗೇ ವಾರದ ಸಂತೆ ಎಂಬ ಊರುಗಳು ನಮ್ಮಲ್ಲಿ ಎಷ್ಟೋ ಇವೆ. ಹತ್ತು ಕಿಲೋಮೀಟರ್‌ನಿಂದ 80ರ ವೇಗದಲ್ಲಿ ಬಂದ ಚಾಲಕನಿಗೆ ಊರು ಶುರುವಾಯಿತು ಎಂದು ಹೇಳುವುದು ಒಂದು ಕಮಾನೋ ಸ್ವಾಗತದ ಫಲಕವೋ ಮಾತ್ರ. ರಸ್ತೆಯ ಅಗಲ, ನುಣುಪು ಎಲ್ಲ ಮೊದಲಿನಂತೆಯೇ. ಸಂತೆಯ ದಿನ ಸುತ್ತಲ ಹಳ್ಳಿಗಳಿಂದ ಬಂದವರು ಚೀಲ ಹಿಡಿದು ಆ ಹೆದ್ದಾರಿಯನ್ನೇ ದಾಟಬೇಕು. ರಸ್ತೆ ಲೋಕೋಪಯೋಗಿ ಇಲಾಖೆಯದು, ಫುಟ್‌ಪಾತ್ ಪುರಸಭೆಯದು, ಸಂಚಾರ ಪೊಲೀಸರದು. ಕ್ರಾಸಿಂಗ್ ಒಂದನ್ನು ಎತ್ತರಿಸಲು ಮೂವರೂ ಒಪ್ಪಬೇಕು.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಮೋಟಾರು ವಾಹನ ಕಾಯ್ದೆಯ 112ನೇ ಕಲಂ ರಾಜ್ಯ ಸರ್ಕಾರಕ್ಕೂ ಅದು ಅಧಿಕಾರ ಕೊಟ್ಟ ಪ್ರಾಧಿಕಾರಕ್ಕೂ ಸಾರ್ವಜನಿಕ ಸುರಕ್ಷತೆಗಾಗಿ ಯಾವುದೇ ರಸ್ತೆಯ ವೇಗಮಿತಿ ಇಳಿಸಲು ಅವಕಾಶ ಕೊಟ್ಟಿದೆ. ಅದಕ್ಕೆ ಗೆಜೆಟ್ ಅಧಿಸೂಚನೆ ಬೇಕು. ಒಂದು ತಿಂಗಳು ಮೀರದ ಮಿತಿಗೆ ಅದೂ ಬೇಡ. ದಸರಾದಿಂದ ದೀಪಾವಳಿವರೆಗಿನ ವ್ಯಾಪಾರದ ದಿನಗಳಲ್ಲಿ ಒಂದು ತಿಂಗಳು ಪೇಟೆ ಬೀದಿಗೆ 30 ಎಂದು ಗೊತ್ತುಮಾಡಿ, ದಾಟುವ ಕಡೆಗಳಲ್ಲಿ ಕಳಚಿ ತೆಗೆಯಬಲ್ಲ ರಬ್ಬರ್ ಹಂಪ್ಸ್ ಕೂರಿಸಿ, ಮೊದಲೂ ಆಮೇಲೂ ವೇಗ ಅಳೆದು, ಅಂಗಡಿಯವರ ವ್ಯಾಪಾರವನ್ನೂ ಕೇಳಿ ಬರೆದಿಟ್ಟುಕೊಳ್ಳಬಹುದು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಯಲ್ಲಿ ಆ ಮೂರೂ ಇಲಾಖೆಯವರು ಒಂದೇ ಮೇಜಿಗೆ ಕೂರುತ್ತಾರೆ. ಅಲ್ಲಿ ಆ ಅಳತೆಗಳನ್ನು ಮುಂದಿಟ್ಟರೆ, ಅದೇ ರಸ್ತೆಗೆ ಮುಂದಿನ ಸಲ ಡಾಂಬರು ಹಾಕುವ ಟೆಂಡರಿನ ಅಂದಾಜುಪಟ್ಟಿಗೆ ಎತ್ತರಿಸಿದ ಕ್ರಾಸಿಂಗ್‌ಗಳನ್ನೂ ಸೇರಿಸಿ ಎಂದು ಲೋಕೋಪಯೋಗಿ ಇಲಾಖೆಯ ಎಂಜಿನಿಯರಿಗೆ ಹೇಳಬಹುದು.